ವಿಜ್ಞಾನದ ಉಪಾಧ್ಯಾಯ ಮೈಕೇಲ್ ಫ್ಯಾರಡೆ

ವಿಜ್ಞಾನವು ಕಾಲೇಜಿನ ಮೆಟ್ಟಿಲು ಹತ್ತಿದವರ ಸೊತ್ತು, ಮಿಕ್ಕವರಿಗೆ ಅದರ ಗೊಡವೆಯೇಕೆ ಎಂಬ ಭಾವನೆ ನಮ್ಮ ಜನರಲ್ಲಿ ಬಲವಾಗಿ ಬೇರೂರಿದೆ. ಹಗಲೆಲ್ಲ ಕಾರಖಾನೆಯಲ್ಲಿ ದುಡಿದು, ಇಲ್ಲವೆ ಕಚೇರಿಯ ಲೆಕ್ಕಪತ್ರಗಳ ನಡುವೆ ಕುಳಿತು, ಸಂಜೆ ಒಂದು ಗಳಿಗೆ ವಾಚನಾಲಯಕ್ಕೆ ಬರುವ ಬಾಂಧವರಲ್ಲಿ ಅನೇಕರು ವಿಜ್ಞಾನದ ಪುಸ್ತಕಗಳ ಕಪಾಟಿನ ಕಡೆಗೆ ತಿರುಗಿ ನೋಡದಿರುವುದಕ್ಕೂ ಇದೇ ಕಾರಣ. ಈ ಭಾವನೆ ಎಷ್ಟು ತಪ್ಪೆಂಬುದನ್ನು ತಿಳಿಯಬೇಕಾದರೆ ಇಂಗ್ಲೆಂಡಿನ ಮೈಕೇಲ್ ಫ್ಯಾರಡೆಯ ಚರಿತ್ರೆಯನ್ನು ಓದಬೇಕು. ಅಯಸ್ಕಾಂತದ ಸಹಾಯದಿಂದ ವಿದ್ಯುತ್ತನ್ನು ಹುಟ್ಟಿಸಬಹುದೆಂದು 1831ರಲ್ಲಿ ತೋರಿಸಿಕೊಟ್ಟವನು ಇವನೇ. ಇಂದಿನ ವಿದ್ಯುಜ್ಜನಕ ಯಂತ್ರಗಳಿಗೆಲ್ಲ ಆ ಶೋಧವೇ ತಳಹದಿ. ಆದರೆ ಪ್ರಕೃತ ನಾವು ನೋಡಬೇಕಾಗಿರುವುದು ಫ್ಯಾರಡೆ ಎಂಬ ಸಂಶೋಧಕನನ್ನಲ್ಲ, ಫ್ಯಾರಡೆ ಎಂಬ ಉಪಾಧ್ಯಾಯನನ್ನು. ತಾನು ಕಲಿತುದನ್ನು ಇನ್ನೊಬ್ಬರಿಗೆ ತಿಳಿಯುವಂತೆ ಹೇಳಬೇಕೆಂಬ ಹಂಬಲ ಅವನಿಗೆ ಎಲ್ಲಿಂದ ಬಂತು, ಅದಕ್ಕಾಗಿ ಅವನು ಏನೇನು ಮಾಡಿದನು ಎಂಬುದು ಈ ಪಾಠದ ವಿಷಯ.

ಬಾಲ್ಯ ಮತ್ತು ಕಸಬು

ಫ್ಯಾರಡೆ ಹುಟ್ಟಿದುದು 1791ನೆಯ ಸೆಪ್ಟೆಂಬರ್ 22ರಂದು, ಲಂಡನ್ನಿನ ದಕ್ಷಿಣಕ್ಕಿದ್ದ ನ್ಯೂಯಿಂಗ್‌ಟನ್‌ನಲ್ಲಿ. ತಂದೆ ಕಮ್ಮಾರ. ಉತ್ತರದ ವೆಸ್ಟ್‌ಮರ್ಲೆಂಡ್ ಸೀಮೆಯಿಂದ ಹೊಟ್ಟೆಪಾಡಿಗಾಗಿ ರಾಜಧಾನಿಗೆ ಬಂದು ನೆಲೆಸಿದ ಸಂಸಾರ ಅದು. ತಂದೆಗೆ ಆಗಾಗ ಕಾಯಿಲೆ. ಕೆಲಸ ಸರಿಯಾಗಿ ಸಾಗುತ್ತಿರಲಿಲ್ಲ. 1801ರಲ್ಲಿ ಧಾನ್ಯದ ಬೆಲೆ ವಿಪರೀತವಾಗಿ ಏರಿದ್ದಾಗ, ಒಂಬತ್ತು ವರ್ಷದ ಹುಡುಗನಿಗೆ ವಾರಕ್ಕೊಂದು ಬ್ರೆಡ್ಡು ಕೊಡುತ್ತಿದ್ದರಂತೆ. ವಾರವೆಲ್ಲ ಅದರಲ್ಲೇ ಸುಧಾರಿಸಬೇಕು. ಓದು, ಬರಹ, ಸಾಮಾನ್ಯ ಲೆಕ್ಕ, ಇಷ್ಟೇ ಅವನಿಗೆ ದೊರೆತ ಶಾಲೆಯ ಶಿಕ್ಷಣ.

1804ರಲ್ಲಿ ಅವನು ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪತ್ರಿಕೆ ಹಂಚುವ ಹುಡುಗನಾಗಿ ಸೇರಿದನು. ಮರುವರ್ಷ ಅದೇ ಅಂಗಡಿಯಲ್ಲಿ ಪುಸ್ತಕಗಳಿಗೆ ಬೈಂಡು ಹಾಕುವ ಕಸಬನ್ನು ಕಲಿಯಲು ಏಳು ವರ್ಷದ ಕರಾರಾಯಿತು. ಯಜಮಾನ ಒಳ್ಳೆಯವನು, ಹುಡುಗನ ನಡತೆ ಮೆಚ್ಚಿ, ಕಲಿಸುವುದಕ್ಕೆ ಹಣ ಕೇಳಲಿಲ್ಲ. ಬೈಂಡಿಗೆ ಬಂದ ಪುಸ್ತಕಗಳನ್ನು ಹೊಲಿಯುವುದರ ಜೊತೆಗೆ ಓದುವ ಅಭ್ಯಾಸವನ್ನೂ ಫ್ಯಾರಡೆ ಇಟ್ಟುಕೊಂಡನು. ಎರಡು ಪುಸ್ತಕಗಳು ಅವನ ಬಾಳಿನ ದಾರಿಯನ್ನೇ ತಿರುಗಿಸಿದುವು. ಒಂದು, ಬ್ರಿಟಾನಿಕಾ ವಿಶ್ವಕೋಶದಲ್ಲಿದ್ದ ವಿದ್ಯುತ್ತಿನ ಲೇಖನ. ಇನ್ನೊಂದು, ಜೇನ್ ಮಾರ್ಸೆಟ್ ಎಂಬ ಮಹಿಳೆ 1806ರಲ್ಲಿ ಪ್ರಕಟಿಸಿದ ರಸಾಯನಶಾಸ್ತ್ರದ ಸಂಭಾಷಣೆಗಳು. ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಹುಡುಗಿಯರೂ ಪ್ರಶ್ನೋತ್ತರ ರೂಪದಲ್ಲಿ ಮಾತಾಡಿಕೊಳ್ಳುವ ಸರಳವಾದ ಪುಸ್ತಕ ಅದು. ಫ್ಯಾರಡೆ ಅದನ್ನು ಓದಿ ನಂಬಿಬಿಡಲಿಲ್ಲ. ತನ್ನ ಕೈಯ ಚಿಲ್ಲರೆ ಕಾಸಿನಲ್ಲಿ ಆದಷ್ಟು ಪ್ರಯೋಗಗಳನ್ನು ಮಾಡಿ, ಪುಸ್ತಕದ ಮಾತು ನಿಜವೇ ಎಂದು ಪರೀಕ್ಷಿಸಿ ನೋಡಿದನು. 1812ರಲ್ಲಿ ಏಳು ತಾಮ್ರದ ಅರ್ಧ ಪೆನ್ನಿ ನಾಣ್ಯಗಳು, ಅಷ್ಟೇ ಸತುವಿನ ಬಿಲ್ಲೆಗಳು, ನಡುನಡುವೆ ಉಪ್ಪುನೀರಿನಲ್ಲಿ ಅದ್ದಿದ ಕಾಗದ, ಇವಿಷ್ಟರಿಂದ ಅವನು ವಿದ್ಯುತ್ತಿನ ಚಿಕ್ಕದೊಂದು ಬ್ಯಾಟರಿಯನ್ನು ಕಟ್ಟಿದನು.

ಮುಂದೆ ಲೋಕಪ್ರಸಿದ್ಧನಾದ ಮೇಲೂ ಮಾರ್ಸೆಟ್ ಅವರನ್ನು ಅವನು ತನ್ನ ಮೊದಲ ಗುರುವೆಂದು ಗೌರವದಿಂದ ನೆನೆಯುತ್ತಿದ್ದನು. ತಿಳಿಯಾಗಿ ಬರೆದ ಒಂದು ಪುಸ್ತಕ ಬಡ ಹುಡುಗನೊಬ್ಬನಿಗೆ ಏನು ಮಾಡಬಲ್ಲುದು ಎಂಬುದನ್ನು ಅವನು ಸ್ವಂತ ಅನುಭವದಿಂದ ಬಲ್ಲವನಾಗಿದ್ದನು. ವಿಜ್ಞಾನವನ್ನು ಜನರಿಗೆ ಹೇಳಬೇಕೆಂಬ ಅವನ ಹಂಬಲದ ಬೇರು ಇಲ್ಲಿದೆ.

ಒಂದು ಷಿಲಿಂಗಿನ ಪಾಠ

ಲಂಡನ್ನಿನಲ್ಲಿ ಟೇಟಮ್ ಎಂಬವರು ತಮ್ಮ ಮನೆಯಲ್ಲಿ ಸಂಜೆಯ ಹೊತ್ತು ವಿಜ್ಞಾನದ ಉಪನ್ಯಾಸಗಳನ್ನು ಕೊಡುತ್ತಿದ್ದರು. ಒಂದು ಉಪನ್ಯಾಸಕ್ಕೆ ಒಂದು ಷಿಲಿಂಗ್. ಫ್ಯಾರಡೆಯ ಅಣ್ಣ ರಾಬರ್ಟ್ ಕಮ್ಮಾರಿಕೆಯ ಸಂಪಾದನೆಯಿಂದ ತಮ್ಮನಿಗೆ ಆ ಹಣ ಕೊಟ್ಟನು. ಅಲ್ಲಿ ಕೂಡುತ್ತಿದ್ದ ತರುಣರದೇ ಒಂದು ಸಂಘವಿತ್ತು. ಅದರ ಹೆಸರು ಸಿಟಿ ಫಿಲಸಾಫಿಕಲ್ ಸೊಸೈಟಿ. ಬುಧವಾರ ಸಂಜೆ ಸದಸ್ಯರು ಸೇರಿ ಒಬ್ಬರಿಗೊಬ್ಬರು ಪಾಠ ಹೇಳಿಕೊಳ್ಳುವರು. ಫ್ಯಾರಡೆಗೆ ಇಲ್ಲಿ ಸಿಕ್ಕಿದ ಗೆಳೆಯ ಬೆಂಜಮಿನ್ ಅಬಟ್ ವೃತ್ತಿಯಿಂದ ಗುಮಾಸ್ತ.

1812ರಲ್ಲಿ ಅಂಗಡಿಯ ಗಿರಾಕಿಯೊಬ್ಬರು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸಗಳಿಗೆ ಟಿಕೇಟು ಕೊಟ್ಟರು. ಫ್ಯಾರಡೆ ಕೇಳಿದುದನ್ನೆಲ್ಲ ಬರೆದುಕೊಂಡು, ಮನೆಯಲ್ಲಿ ವಿಸ್ತರಿಸಿ, ಚಿತ್ರಗಳನ್ನು ಸೇರಿಸಿ, ತನ್ನ ಕೈಯಿಂದಲೇ ಬೈಂಡು ಹಾಕಿ, ಆ ವರ್ಷದ ಕೊನೆಗೆ ಡೇವಿಗೆ ಕಳಿಸಿದನು. ಕೆಲಸ ಕೂಡಲೇ ದೊರೆಯಲಿಲ್ಲ. ಬೈಂಡಿನ ಕಸಬನ್ನು ಬಿಡಬೇಡವೆಂದೇ ಡೇವಿ ಬುದ್ಧಿ ಹೇಳಿದನು. ಕೆಲವು ವಾರಗಳಲ್ಲಿ ಪ್ರಯೋಗಶಾಲೆಯ ಸಹಾಯಕನ ಸ್ಥಳ ತೆರವಾಯಿತು. 1813ನೆಯ ಮಾರ್ಚಿಯಲ್ಲಿ ಫ್ಯಾರಡೆ ವಾರಕ್ಕೆ 25 ಷಿಲಿಂಗ್ ಸಂಬಳದ ಮೇಲೆ, ಮಹಡಿಯ ಮೇಲಿನ ಎರಡು ಕೋಣೆಗಳ ಬಿಡಾರದೊಡನೆ, ಆ ಕೆಲಸಕ್ಕೆ ಸೇರಿದನು.

ಹೇಳುವ ವಿದ್ಯೆ

ವಿಷಯ ಬಲ್ಲವರೆಲ್ಲರೂ ಅದನ್ನು ಹೇಳಬಲ್ಲವರಲ್ಲ. ಹೇಳುವುದೂ ಒಂದು ವಿದ್ಯೆ, ಕಲಿತರೆ ಬರುತ್ತದೆ. ಇದನ್ನು ಫ್ಯಾರಡೆಯಷ್ಟು ಚೆನ್ನಾಗಿ ಅರಿತವರು ವಿರಳ. ಉಪನ್ಯಾಸಕರಿಗೆ ಸಾಮಾನು ಜೋಡಿಸಿಕೊಡುವುದು ಅವನ ಕೆಲಸವಷ್ಟೆ. ಒಂದು ಬದಿಗೆ ನಿಂತು, ಯಾರ ಮಾತಿಗೆ ಸಭೆ ಕಿವಿಗೊಡುತ್ತದೆ, ಯಾರ ಮಾತಿಗೆ ಆಕಳಿಸುತ್ತದೆ ಎಂದು ಅವನು ಗಮನಿಸಿದನು. 1813ರ ಜೂನಿನಲ್ಲಿ, ಇನ್ನೂ ತಾನು ಒಂದು ಉಪನ್ಯಾಸವನ್ನೂ ಕೊಡದಿದ್ದಾಗ, ಈ ವಿಚಾರವಾಗಿ ಅಬಟ್‌ಗೆ ದೀರ್ಘವಾದ ಕಾಗದಗಳನ್ನು ಬರೆದನು. ಅವುಗಳ ಸಾರಾಂಶ ಇಷ್ಟು: ಕೋಣೆಗೆ ಗಾಳಿ ಬೆಳಕು ಚೆನ್ನಾಗಿರಬೇಕು. ಮಾತು ಅವಸರದ್ದಾಗಿರದೆ ನಿಧಾನವಾಗಿರಬೇಕು. ಉಪನ್ಯಾಸಕನು ಆದಷ್ಟು ಕೇಳುವವರ ಕಡೆಗೆ ಮುಖಮಾಡಿರಬೇಕು. ಪ್ರಯೋಗವು ವಿಷಯಕ್ಕೆ ಹೊಂದಿದ್ದು ಎಲ್ಲರಿಗೂ ಕಾಣಬೇಕು. ಒಂದು ಗಂಟೆಗೆ ಮಿಕ್ಕಿ ಯಾರೂ ಮಾತಾಡಕೂಡದು.

ಅದೇ ಕಾಲದಲ್ಲಿ ಆರೇಳು ಮಂದಿ ಗೆಳೆಯರು ಸಂಜೆ ಒಂದೆಡೆ ಸೇರಿ, ಗಟ್ಟಿಯಾಗಿ ಓದಿ, ಒಬ್ಬರ ಉಚ್ಚಾರವನ್ನೂ ವಾಕ್ಯರಚನೆಯನ್ನೂ ಮತ್ತೊಬ್ಬರು ತಿದ್ದುತ್ತಿದ್ದರು. 1816ರಲ್ಲಿ ಸಿಟಿ ಸೊಸೈಟಿಯಲ್ಲಿ ಫ್ಯಾರಡೆ ಮೊದಲ ಉಪನ್ಯಾಸಗಳನ್ನು ಕೊಟ್ಟನು. 1818ರಲ್ಲಿ ಸ್ಮಾರ್ಟ್ ಎಂಬ ವಾಕ್ಕಲೆಯ ಶಿಕ್ಷಕರಲ್ಲಿ ಪಾಠ ಹೇಳಿಸಿಕೊಂಡನು. ಹೆಸರು ಬಂದ ಮೇಲೂ ಅವರನ್ನೇ ಸಭೆಯಲ್ಲಿ ಕೂರಿಸಿ ತನ್ನ ದೋಷಗಳನ್ನು ಹೇಳಿಸಿಕೊಳ್ಳುತ್ತಿದ್ದನು. ಮಾತು ಓಡಿದರೆ ಎಚ್ಚರಿಸಲು ‘ನಿಧಾನ’ ಎಂದೂ, ವೇಳೆ ಮೀರಿದರೆ ಎಚ್ಚರಿಸಲು ‘ಸಮಯ’ ಎಂದೂ ಬರೆದ ಕಾರ್ಡುಗಳನ್ನು ಅವನ ಮುಂದೆ ಇಡುವ ಏರ್ಪಾಡು ಸಹ ಇತ್ತು. ಕೈಬಿಟ್ಟರೆ ಕಲ್ಲು ಬೀಳುತ್ತದೆಂದು ಹೇಳಬೇಕಾಗಿ ಬಂದರೆ, ಬರಿ ಮಾತಿನಲ್ಲಿ ನಿಲ್ಲದೆ, ಕೈ ಬಿಚ್ಚಿ ಕಲ್ಲನ್ನು ಬೀಳಿಸಿಯೇ ತೋರಿಸಬೇಕೆಂಬುದು ಅವನ ಮತ.

ಮೇಣದ ಬತ್ತಿಯ ಪಾಠ

ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಮಕ್ಕಳಿಗಾಗಿ ಕ್ರಿಸ್ಮಸ್ ಉಪನ್ಯಾಸಗಳು ಆರಂಭವಾದುವು. 1827ರಿಂದ 1860ರವರೆಗೆ ಫ್ಯಾರಡೆ ಇಂಥ 19 ಉಪನ್ಯಾಸಮಾಲೆಗಳನ್ನು ಕೊಟ್ಟನು. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಮೇಣದ ಬತ್ತಿಯನ್ನು ಕುರಿತದ್ದು. ಅದು 1861ರಲ್ಲಿ ಪುಸ್ತಕವಾಗಿ ಹೊರಬಂತು. ಅವನು ಎಲ್ಲರ ಮನೆಯಲ್ಲೂ ಇರುವ ಬತ್ತಿಯೊಂದನ್ನು ಹಚ್ಚಿಟ್ಟು, ಅದರ ಬೆಳಕಿನಲ್ಲಿಯೇ ರಸಾಯನಶಾಸ್ತ್ರವನ್ನು ತೋರಿಸಿದನು. ಆ ಪಾಠದ ಕೆಲವು ಹೆಜ್ಜೆಗಳನ್ನು ನಾವೂ ನಡೆದು ನೋಡೋಣ. ಬಕೆಟ್ಟಿನಲ್ಲಿ ನೀರು ಹತ್ತಿರವಿರಲಿ; ಮಕ್ಕಳನ್ನು ಒಂಟಿಯಾಗಿ ಬಿಡಬೇಡಿ.

1. ಉರಿಯುವುದು ಯಾವುದು? ಗಟ್ಟಿ ಮೇಣ ಹಾಗೆಯೇ ಉರಿಯುವುದಿಲ್ಲ. ಶಾಖಕ್ಕೆ ಅದು ಕರಗುತ್ತದೆ. ಪಂಚೆಯ ತುದಿ ನೀರಿನಲ್ಲಿದ್ದರೆ ತೇವ ಮೇಲಕ್ಕೆ ಏರುವುದಷ್ಟೆ. ಹಾಗೆಯೇ ಕರಗಿದ ಮೇಣ ಬತ್ತಿಯ ನೂಲಿನಲ್ಲಿ ಏರಿ, ಅಲ್ಲಿ ಆವಿಯಾಗುತ್ತದೆ. ಆ ಆವಿಯೇ ಉರಿಯುವುದು. ಸಾಕ್ಷಿ ಬೇಕೆ? ಬತ್ತಿಯನ್ನು ಮೆಲ್ಲನೆ ಆರಿಸಿ. ಬಿಳಿಯ ಹೊಗೆಯ ಎಳೆ ಏಳುತ್ತದೆ. ನೂಲಿಗೆ ತಾಕಿಸದೆ, ಆ ಎಳೆಗೆ ಮಾತ್ರ ಕಡ್ಡಿಯ ಉರಿಯನ್ನು ಹಿಡಿಯಿರಿ. ಬೆಂಕಿ ಹೊಗೆಯ ಗುಂಟ ಇಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುವುದು.

2. ಬೆಳಕು ಎಲ್ಲಿಂದ? ತಣ್ಣನೆಯ ಪಿಂಗಾಣಿ ತಟ್ಟೆಯನ್ನು ಕುಡಿಯ ಹಳದಿ ಭಾಗಕ್ಕೆ ಕ್ಷಣಕಾಲ ಹಿಡಿಯಿರಿ. ಕಾಡಿಗೆ ಹತ್ತುತ್ತದೆ. ಇದು ಇಂಗಾಲ. ಈ ಸಣ್ಣ ಕಣಗಳು ಕಾದು ಹೊಳೆಯುವುದರಿಂದಲೇ ಕುಡಿಗೆ ಆ ಹೊಳಪು.

3. ಉರಿದ ಮೇಣ ಎಲ್ಲಿ ಹೋಯಿತು? ಒಣಗಿದ ತಣ್ಣನೆಯ ಲೋಟವನ್ನು ಕುಡಿಯ ಮೇಲೆ ಬೋರಲಾಗಿ ಹಿಡಿದರೆ ಒಳಗೆ ಮಂಜು ಕಟ್ಟುತ್ತದೆ. ಮೇಣದಲ್ಲಿನ ಜಲಜನಕ ಗಾಳಿಯ ಆಮ್ಲಜನಕದೊಡನೆ ಕೂಡಿ ನೀರಾಯಿತು. ಇನ್ನು ಇಂಗಾಲದ ಪಾಡೇನು? ಎಲೆಯಡಿಕೆಯ ಸುಣ್ಣವನ್ನು ನೀರಿನಲ್ಲಿ ಕದಡಿ, ರಾತ್ರಿ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಅಗಲ ಬಾಯಿಯ ಗಾಜಿನ ಸೀಸೆಯನ್ನು ಕುಡಿಯ ಮೇಲೆ ಸ್ವಲ್ಪ ಹೊತ್ತು ಬೋರಲಾಗಿ ಹಿಡಿದು, ಬಾಯಿ ಮುಚ್ಚಿ ತಿರುಗಿಸಿ, ತಿಳಿಯನ್ನು ಹಾಕಿ ಕುಲುಕಿರಿ. ಅದು ಹಾಲಿನಂತೆ ಬೆಳ್ಳಗಾಗುತ್ತದೆ. ಇಂಗಾಲವು ಆಮ್ಲಜನಕದೊಡನೆ ಕೂಡಿ ಇಂಗಾಲಾಮ್ಲ ವಾಯುವಾದುದಕ್ಕೆ ಇದು ಗುರುತು.

4. ಬತ್ತಿಗೂ ನಮಗೂ ಏನು ಸಂಬಂಧ? ಬೇರೊಂದು ಲೋಟದ ತಿಳಿಸುಣ್ಣದ ನೀರಿಗೆ ಕೊಳವೆಯಿಂದ ಉಸಿರನ್ನು ಊದಿರಿ. ಒಳಕ್ಕೆ ಎಳೆಯಬಾರದು, ನೀರು ಕಣ್ಣಿಗೆ ಸಿಡಿಯಬಾರದು. ಮಕ್ಕಳಿಗೆ ಬದಲಾಗಿ ದೊಡ್ಡವರೇ ಊದುವುದು ಮೇಲು. ಆ ನೀರೂ ಬೆಳ್ಳಗಾಗುತ್ತದೆ! ನಾವು ಉಂಡ ಅನ್ನದಲ್ಲಿನ ಇಂಗಾಲವೂ ಉಸಿರಿನ ಆಮ್ಲಜನಕದೊಡನೆ ಕೂಡಿ ಅದೇ ವಾಯುವಾಗುತ್ತದೆ. ಆದರೆ ಉರಿಯಿಲ್ಲದೆ, ನಿಧಾನವಾಗಿ. ನಮ್ಮ ಮೈಯ ಬಿಸುಪು ಅಲ್ಲಿಂದಲೇ. ನಾವು ಬಿಟ್ಟ ವಾಯುವನ್ನು ಗಿಡಮರಗಳು ಬಿಸಿಲಿನಲ್ಲಿ ಆಹಾರ ಮಾಡಿಕೊಳ್ಳುತ್ತವೆ. ಹೀಗೆ ಒಂದು ಬತ್ತಿಯಿಂದ ಹೊರಟ ಪಾಠ ಜೀವಲೋಕವನ್ನೆಲ್ಲ ಸುತ್ತಿ ಬರುತ್ತದೆ. ಬತ್ತಿಯು ಸುತ್ತಲಿಗೆ ಬೆಳಕು ಕೊಡುವಂತೆ ನೀವೂ ನಿಮ್ಮ ಸುತ್ತಲಿನವರಿಗೆ ಬೆಳಕಾಗಿರೆಂದು ಹರಸಿ ಫ್ಯಾರಡೆ ಆ ಮಾಲೆಯನ್ನು ಮುಗಿಸಿದನು.

ನಮಗೆ ಇದರಿಂದ ಏನು?

ಫ್ಯಾರಡೆಗೆ ಗಣಿತ ಹೆಚ್ಚು ಬಾರದು. ಜ್ಞಾಪಕಶಕ್ತಿ ಸಾಲದೆಂದು ಜೀವಮಾನವೆಲ್ಲ ಕೊರಗುತ್ತಿದ್ದನು. ಆದುದರಿಂದಲೇ ಎಲ್ಲವನ್ನೂ ಬರೆದಿಡುವ ಅಭ್ಯಾಸ ಮಾಡಿಕೊಂಡನು. ಸರ್ ಪದವಿಯನ್ನೂ ರಾಯಲ್ ಸೊಸೈಟಿಯ ಅಧ್ಯಕ್ಷತೆಯನ್ನೂ ಒಲ್ಲೆನೆಂದನು. ಮಕ್ಕಳ ಉಪನ್ಯಾಸವನ್ನು ಮಾತ್ರ ಮುಪ್ಪಿನವರೆಗೂ ಬಿಡಲಿಲ್ಲ. 1867ನೆಯ ಆಗಸ್ಟ್ 25ರಂದು ಅವನು ತೀರಿಕೊಂಡನು. ಕ್ರಿಸ್ಮಸ್ ಉಪನ್ಯಾಸಗಳು, ಎರಡನೆಯ ಮಹಾಯುದ್ಧದ ಕೆಲವು ವರ್ಷಗಳನ್ನು ಬಿಟ್ಟರೆ, ಇಂದಿಗೂ ನಡೆದುಬಂದಿವೆ. 1991ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಹೊರಡಿಸಿದ 20 ಪೌಂಡಿನ ನೋಟಿನ ಮೇಲೆ ಕಮ್ಮಾರನ ಈ ಮಗನ ಚಿತ್ರ ಬಂತು.

ಅವನನ್ನು ಬೆಳೆಸಿದ ಸಲಕರಣೆಗಳು ಯಾವುವು? ಬೇರೆಯವರ ಪುಸ್ತಕಗಳು, ಅಣ್ಣನ ಒಂದು ಷಿಲಿಂಗ್, ಗುಮಾಸ್ತ ಗೆಳೆಯನ ಕಾಗದ, ವಾರಕ್ಕೊಂದು ಸಂಜೆಯ ಸಂಘ. ಇವುಗಳಲ್ಲಿ ನಮಗೆ ಇಲ್ಲದುದು ಯಾವುದು? ಊರು ಬಿಟ್ಟು ಬಂದ ನಮ್ಮ ಮಕ್ಕಳು ಶಾಲೆಯಲ್ಲಿ ಪರಭಾಷೆಯಲ್ಲಿ ವಿಜ್ಞಾನ ಓದಿ ಬಾಯಿಪಾಠ ಮಾಡುತ್ತಾರೆ. ಅರ್ಥವಾಗದ ಮಾತನ್ನು ಮನೆಯ ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದರೆ ಅದು ಮನಸ್ಸಿಗೆ ಇಳಿಯುತ್ತದೆ. ಆ ಕೆಲಸಕ್ಕೆ ಪದವಿ ಬೇಡ. ಮೊದಲು ತಾನು ಮಾಡಿ ನೋಡಿ ತಿಳಿಯುವ ತಾಳ್ಮೆ ಬೇಕು. ನಾಲ್ಕು ಜನ ಕೂಡಿ, ವಾರಕ್ಕೊಂದು ಸಂಜೆ, ಒಬ್ಬರು ಓದಿ ಇಬ್ಬರು ಪ್ರಶ್ನೆ ಕೇಳುವಂತಾದರೆ ಸಾಕು. ಮೊದಲ ದಿನಕ್ಕೆ ಒಂದು ಮೇಣದ ಬತ್ತಿ ತನ್ನಿ.

ಅಭ್ಯಾಸಕ್ಕೆ ಪ್ರಶ್ನೆಗಳು

1. ಮೇಣದ ಬತ್ತಿಯ ತುದಿಯಲ್ಲಿ ಕರಗಿದ ಮೇಣ ನಿಲ್ಲಲು ಬಟ್ಟಲಿನಂಥ ಅಂಚು ಉಳಿಯುವುದೇಕೆ? (ಸೂಚನೆ: ಬಿಸಿಗಾಳಿ ಮೇಲೇರಿದಾಗ ತಣ್ಣನೆಯ ಗಾಳಿ ಎತ್ತಲಿಂದ ಬರುತ್ತದೆ?)
2. ಲೋಟದೊಳಗಿನ ಮಂಜು ಸ್ವಲ್ಪ ಹೊತ್ತಿಗೆ ಮಾಯವಾಗುವುದೇಕೆ?
3. ಸೀಮೆಎಣ್ಣೆಯ ಬುಡ್ಡಿಗೂ ಮೇಣದ ಬತ್ತಿಗೂ ಸಮಾನವಾದ ಮೂರು ಅಂಶಗಳನ್ನು ಹೇಳಿರಿ.
4. ನಿಮ್ಮ ಕೆಲಸದಲ್ಲಿ ದಿನವೂ ಕಾಣುವ ಒಂದು ವಸ್ತುವನ್ನು ಆರಿಸಿ, ಹತ್ತು ವರ್ಷದ ಮಗುವಿಗೆ ತಿಳಿಯುವಂತೆ ಅದರ ವಿಷಯವನ್ನು ಹತ್ತು ವಾಕ್ಯಗಳಲ್ಲಿ ಬರೆಯಿರಿ.