ಇಸುಬಿನ ಕೂಸಿಗೆ ರಾತ್ರಿಯ ನಿದ್ದೆ

ಎಕ್ಸಿಮಾ, ಅಂದರೆ ಇಸುಬು ಇರುವ ಕೂಸು ಹಗಲೆಲ್ಲ ಆಡಿಕೊಂಡಿದ್ದು ರಾತ್ರಿ ಕೆನ್ನೆ ಕೆರೆದುಕೊಂಡು ಅಳುತ್ತದೆ. ಇದು ಹಟವಲ್ಲ. ರಾತ್ರಿ ಚರ್ಮದ ತೇವ ಹೆಚ್ಚು ಆರುತ್ತದೆ, ಉರಿಯೂತ ತಗ್ಗಿಸುವ ಕಾರ್ಟಿಸಾಲ್ ಹಾರ್ಮೋನು ಇಳಿದಿರುತ್ತದೆ.

ಕೂಸಿನ ಸ್ನಾನಕ್ಕೆ ಹಬೆಯಾಡುವ ಬಿಸಿನೀರು, ಕಡಲೆಹಿಟ್ಟಿನ ಉಜ್ಜು, ಆಮೇಲೆ ಸಾಂಬ್ರಾಣಿ ಹೊಗೆ: ನಮ್ಮ ಮನೆಗಳಲ್ಲಿ ಇವೆಲ್ಲ ಅಕ್ಕರೆಯಿಂದಲೇ ನಡೆಯುತ್ತವೆ. ಆದರೆ ಈ ಚರ್ಮಕ್ಕೆ ಮೂರೂ ಒಗ್ಗುವುದಿಲ್ಲ. ಅಜ್ಜಿಗೆ ಮೆಲ್ಲಗೆ ತಿಳಿಹೇಳಿ. ಮಲಗಿಸುವ ಮುನ್ನ ಉಗುರುಬೆಚ್ಚಗಿನ ನೀರಲ್ಲಿ 5ರಿಂದ 10 ನಿಮಿಷ ಸ್ನಾನ ಸಾಕು. ಉಜ್ಜದೆ, ಒತ್ತಿ ಒರೆಸಿ, ಮೈ ಇನ್ನೂ ಹಸಿಯಾಗಿರುವಾಗಲೇ ಸುವಾಸನೆಯಿಲ್ಲದ ಮಾಯಿಶ್ಚರೈಸರ್ ಅನ್ನು ಧಾರಾಳವಾಗಿ ಹಚ್ಚಿ. ಜಿಪುಣತನ ಬೇಡ, ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ತೆಳು ಹತ್ತಿಬಟ್ಟೆ ತೊಡಿಸಿ, ಉಗುರು ಕತ್ತರಿಸಿಡಿ. ಉಣ್ಣೆಯ ಟೋಪಿ, ಸ್ವೆಟರ್ ಬೇಡ. ಬೆವರಿದರೆ ತುರಿಕೆ ಕೆರಳುತ್ತದೆ. ವರ್ಷ ತುಂಬದ ಮಗುವಿನ ಹಾಸಿಗೆಯಲ್ಲಿ ಸಡಿಲ ಹೊದಿಕೆಯೂ ಬೇಡ.

ಸ್ಟಿರಾಯ್ಡ್ ಮುಲಾಮೆಂದರೆ ಅನೇಕರಿಗೆ ಭಯ. ವೈದ್ಯರು ಹೇಳಿದಷ್ಟು, ಹೇಳಿದಷ್ಟೇ ದಿನ ಹಚ್ಚಿದರೆ ಅದು ಸುರಕ್ಷಿತ. ಅಂಗಡಿಯಿಂದ ನೀವೇ ಮುಲಾಮನ್ನೋ ನಿದ್ದೆ ಬರಿಸುವ ಸಿರಪ್ಪನ್ನೋ ತರಬೇಡಿ. ಗಾಯ ಒಸರಿ ಹಳದಿ ಹಕ್ಕಳೆಗಟ್ಟಿದರೆ, ನೀರುಗುಳ್ಳೆ ಎದ್ದರೆ ಅಥವಾ ಜ್ವರ ಬಂದರೆ ತಡಮಾಡದೆ ವೈದ್ಯರಿಗೆ ತೋರಿಸಿ.