ವ್ಯಸನಮುಕ್ತಿಯ ಸಭೆಗಳು

ಜ್ವರ ಬಂದವನನ್ನು ಮೀರಜಿನ ಆಸ್ಪತ್ರೆಗೆ ಕರೆದೊಯ್ಯಲು ನಮ್ಮ ಖಂಡೇರಾಜುರಿಯಲ್ಲಿ ಯಾರೂ ನಾಚುವುದಿಲ್ಲ. ಹಾವು ಕಚ್ಚಿದರಂತೂ ನಡುರಾತ್ರಿಯಲ್ಲಿಯೂ ನೆರೆಯವರು ಓಡಿಬರುತ್ತಾರೆ. ಆದರೆ ಕುಡಿತದ ಚಟ ಹತ್ತಿದವನ ಮನೆಯ ಬಾಗಿಲು ಒಳಗಿನಿಂದ ಮುಚ್ಚಿಕೊಳ್ಳುತ್ತದೆ. ಆ ಮನೆಯ ಮಗು ಬೆಳಗಿನ ಗಣಿತದ ತಾಸಿನಲ್ಲಿ ತೂಕಡಿಸುತ್ತದೆ. ಕಾರಣ ಕೇಳಿದರೆ 'ಹೊಟ್ಟೆನೋವು' ಎನ್ನುತ್ತದೆ. ಮುಚ್ಚಿದ ಆ ಬಾಗಿಲನ್ನು ತೆರೆಯುವ ಒಂದು ಉಪಾಯವನ್ನು ವಿದ್ಯಾರ್ಥಿಗಳಿಗೂ ಪಾಲಕರಿಗೂ ತಿಳಿಸುವುದೇ ಈ ಪಾಠದ ಉದ್ದೇಶ.

ಮದ್ಯವ್ಯಸನವು ಕೇವಲ ನಡತೆಯ ದೋಷವಲ್ಲ. ವೈದ್ಯಶಾಸ್ತ್ರವು ಅದನ್ನು ರೋಗವೆಂದೇ ಗಣಿಸುತ್ತದೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಮದ್ಯದ ತೊಂದರೆಗೆ ಸಹಾಯ ಬೇಕಾದವರು ನಮ್ಮ ದೇಶದಲ್ಲಿ ಸುಮಾರು 5.7 ಕೋಟಿ ಎಂದು ಅಂದಾಜಿಸಿತು. ಮದ್ಯಕ್ಕೆ ದಾಸರಾದವರಲ್ಲಿ 38 ಜನರಿಗೆ ಒಬ್ಬನಿಗೆ ಮಾತ್ರ ಚಿಕಿತ್ಸೆ ದೊರೆತಿತ್ತು. ಉಳಿದವರನ್ನು ತಡೆಯುವ ಕಾರಣಗಳಲ್ಲಿ ನಾಚಿಕೆಯೂ ಒಂದು.

ಈ ನಾಚಿಕೆಗೆ ಮದ್ದು ದೊರೆತ ಬಗೆ ಸ್ವಾರಸ್ಯವಾಗಿದೆ. 1935ರ ಮೇ ತಿಂಗಳಿನಲ್ಲಿ ವಿಲಿಯಂ ವಿಲ್ಸನ್ ಎಂಬ ನ್ಯೂಯಾರ್ಕಿನ ಗೃಹಸ್ಥನು ವ್ಯವಹಾರಕ್ಕಾಗಿ ಅಮೇರಿಕೆಯ ಆಕ್ರನ್ ಪಟ್ಟಣಕ್ಕೆ ಬಂದಿದ್ದನು. ಅವನು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರ ಕೆಟ್ಟಿತು, ಹೊಟೇಲಿನಲ್ಲಿ ಪಾನಗೃಹ ಕೈಬೀಸಿ ಕರೆಯಿತು. ಆಗ ಅವನು ತನ್ನಂತೆಯೇ ಬಳಲುತ್ತಿರುವ ಇನ್ನೊಬ್ಬನನ್ನು ಹುಡುಕಿ ದೂರವಾಣಿ ಮಾಡಿದನು. ಹಾಗೆ ದೊರೆತವನು ಡಾಕ್ಟರ್ ರಾಬರ್ಟ್ ಸ್ಮಿತ್ ಎಂಬ ಶಸ್ತ್ರವೈದ್ಯ. ಕಾಲು ಗಂಟೆಯೆಂದು ಕುಳಿತವರು ಹಲವು ತಾಸು ಮಾತನಾಡಿದರು. ಇವರಿಬ್ಬರಿಂದ ಹುಟ್ಟಿದ ಸಂಘವೇ 'ಆಲ್ಕೊಹಾಲಿಕ್ಸ್ ಅನಾನಿಮಸ್'. ಜನರು ಅದನ್ನು 'ಎ.ಎ.' ಎನ್ನುತ್ತಾರೆ. ವಿಲ್ಸನ್ ಉಪದೇಶ ಮಾಡಲು ಹೋಗಿರಲಿಲ್ಲ, ತಾನು ಉಳಿಯಲು ಹೋಗಿದ್ದನು. ಕೈ ಹಿಡಿದವನೂ ಹಿಡಿಸಿಕೊಂಡವನೂ ಇಬ್ಬರೂ ದಡ ಸೇರುವುದೇ ಈ ಸಭೆಗಳ ಗುಟ್ಟು.

ಸಭೆಯಲ್ಲಿ ನಡೆಯುವುದೇನು? ಕೆಲವರು ವರ್ತುಲವಾಗಿ ಕುಳಿತು, ಒಬ್ಬೊಬ್ಬರಾಗಿ ತಮ್ಮ ಅನುಭವ ಹೇಳುತ್ತಾರೆ. ಶುಲ್ಕವಿಲ್ಲ, ಜಾತಿ, ಮತ, ಉದ್ಯೋಗ ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಸಾಕು. ಅಲ್ಲಿ ಕೇಳಿದ್ದನ್ನು ಹೊರಗೆ ಆಡಬಾರದು. 'ಇಂದು ಒಂದು ದಿನ ಕುಡಿಯುವುದಿಲ್ಲ' ಎಂಬುದೇ ಅವರ ಸಂಕಲ್ಪ. 27 ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯು, ಕುಡಿತದಿಂದ ಪೂರ್ಣ ದೂರವಿರಲು ಈ ಮಾರ್ಗವು ಇತರ ಚಿಕಿತ್ಸೆಗಳಷ್ಟೇ, ಕೆಲವೆಡೆ ಅವುಗಳಿಗಿಂತಲೂ ಹೆಚ್ಚು ಫಲಕಾರಿಯೆಂದು ಕಂಡಿತು.

ಕನ್ನಡನಾಡಿನಲ್ಲಿಯೂ ಇಂಥ ಪ್ರಯತ್ನವಿದೆ. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಹಾಗೂ ಜನಜಾಗೃತಿ ವೇದಿಕೆಯವರು ಊರೂರಿನಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರು 'ನವಜೀವನ ಸಮಿತಿ'ಯಾಗಿ ಕೂಡುತ್ತಾರೆ. ನಮ್ಮ ಮಹಾರಾಷ್ಟ್ರದಲ್ಲಿ 1986ರಲ್ಲಿ ಡಾಕ್ಟರ್ ಅನಿತಾ ಅವಚಟರು ಪುಣೆಯಲ್ಲಿ 'ಮುಕ್ತಾಂಗಣ'ವನ್ನು ಸ್ಥಾಪಿಸಿದರು.

ಹಾಗಾದರೆ ಹೋಗಬೇಕಾದವನು ಏನು ಮಾಡತಕ್ಕದ್ದು? ಮೊದಲು ವೈದ್ಯರನ್ನು ಕಾಣಬೇಕು. ಬಹುಕಾಲ ವಿಪರೀತ ಕುಡಿದವನು ಒಮ್ಮೆಲೆ ಬಿಟ್ಟರೆ ಎರಡು ಮೂರು ದಿನಗಳೊಳಗೆ ಕೈನಡುಕ, ಸೆಳವು, ಭ್ರಮೆಗಳು ಬರಬಹುದು, ಪ್ರಾಣಾಪಾಯವೂ ಉಂಟು. ಮೀರಜಿನ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವನ್ನು ವಿಚಾರಿಸಬೇಕು. ಹತ್ತಿರದ ಸಭೆ ಎಲ್ಲಿ, ಯಾವ ವಾರ ಎಂದೂ ಅಲ್ಲಿಯೇ ಕೇಳಬೇಕು. 14446 ಎಂಬುದು ಸರಕಾರದ ವ್ಯಸನಮುಕ್ತಿ ಸಹಾಯವಾಣಿ. 14416 ಮಾನಸಿಕ ಆರೋಗ್ಯದ್ದು. ಎರಡೂ ಉಚಿತ. ಗುಟ್ಟಾಗಿ ಅನ್ನದಲ್ಲಿ ಬೆರೆಸುವ ಪುಡಿಗಳನ್ನು ಎಂದಿಗೂ ನಂಬಬಾರದು, ಅವು ವಿಷವಾಗಬಲ್ಲವು.

ಎರಡನೆಯದು, ಮೊದಲ ದಿನ ಒಂಟಿಯಾಗಿ ಹೋಗಬೇಕಾಗಿಲ್ಲ. 'ತೆರೆದ ಸಭೆ'ಗೆ ಮನೆಯವರೂ ಬರಬಹುದು; 'ಮುಚ್ಚಿದ ಸಭೆ' ವ್ಯಸನಿಗಳಿಗೆ ಮಾತ್ರ. ಮಾತನಾಡಲೇಬೇಕೆಂಬ ಕಟ್ಟಳೆಯಿಲ್ಲ; ಸುಮ್ಮನೆ ಕೇಳಿ ಬರಬಹುದು. ಸಭೆ ಮರಾಠಿಯಲ್ಲಿ ನಡೆದರೆ ನಮ್ಮವರು ಅಳುಕಬೇಕಾಗಿಲ್ಲ. ಸಂತೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಆಡುವವರು ನಾವು. ದುಃಖವನ್ನು ಎರಡರಲ್ಲಿಯೂ ಹೇಳಬಲ್ಲೆವು. ಒಂದು ಸಭೆ ಹಿಡಿಸದಿದ್ದರೆ ಇನ್ನೊಂದನ್ನು ನೋಡಬೇಕು. ನಡುವೆ ಜಾರಿ ಬಿದ್ದರೆ ಮರಳಿ ಹೋಗಬೇಕು. ಜಾರಿದವನಿಗೆ ಅಲ್ಲಿ ಬಾಗಿಲು ಮುಚ್ಚಿರುವುದಿಲ್ಲ.

ಮೂರನೆಯದು ಮನೆಯವರ ವಿಷಯ. ಅವರಿಗಾಗಿ 1951ರಲ್ಲಿ 'ಅಲ್-ಅನಾನ್' ಎಂಬ ಸಂಘವೂ, ಎಳೆಯರಿಗಾಗಿ 1957ರಲ್ಲಿ 'ಅಲಟೀನ್' ಎಂಬುದೂ ಆರಂಭವಾದವು. ಕುಡಿಯುವವನು ಬರಲೊಪ್ಪದಿದ್ದರೂ ಮನೆಯವರು ಸಹಾಯ ಪಡೆಯಬಹುದೆಂಬುದನ್ನು ತಾಯಂದಿರು ನೆನಪಿಡಬೇಕು.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಯಾರ ಮನೆಯಲ್ಲಿಯಾದರೂ ಈ ಕಷ್ಟವಿದ್ದರೆ ಮೂರು ಮಾತುಗಳನ್ನು ಮನಸ್ಸಿನಲ್ಲಿಡಿರಿ. ಅದಕ್ಕೆ ನೀವು ಕಾರಣರಲ್ಲ. ಅದನ್ನು ತಡೆಯುವ ಹೊಣೆ ನಿಮ್ಮದಲ್ಲ. ಅದನ್ನು ನಂಬಿಕೆಯ ಹಿರಿಯರೊಬ್ಬರಿಗೆ ಹೇಳುವುದು ತಂದೆಗೆ ಮಾಡುವ ದ್ರೋಹವಲ್ಲ. 'ಹೊಟ್ಟೆನೋವು' ಎನ್ನಬೇಕಾಗಿಲ್ಲ, ನಿಜವನ್ನೇ ಹೇಳಿರಿ. ನಿಮ್ಮ ಶಿಕ್ಷಕರು ಕೇಳಲು ಸಿದ್ಧರಿದ್ದಾರೆ.