ನೀರಿನ ದಂಡೆಯಲ್ಲಿ ಸುಮ್ಮನಿರುವುದಕ್ಕೂ ತಯಾರಿ ಬೇಕು

ಕಲಬುರಗಿ ಕಡೆಯವರಿಗೆ ರಜೆ ಅಂದರೆ ಒಂದೋ ಮಹಾಬಳೇಶ್ವರ, ಇಲ್ಲಾ ಹೈದರಾಬಾದು. ಕೆರೆ ದಂಡೆಯ ಒಂದು ಕೋಣೆಯಲ್ಲಿ ಸುಮ್ಮನೆ ಇದ್ದು ಬರುತ್ತೇವೆ ಅಂದರೆ ಕೋಟನೂರದ ನಮ್ಮ ಓಣಿಯವರು ಮುಖ ನೋಡುತ್ತಾರೆ. 'ಯಾಕ್ರಿ, ಮನ್ಯಾಗ ಏನರ ಆಗ್ಯಾದೇನು?' ಅಂತ ಕೇಳಿದವರೂ ಇದ್ದಾರೆ. ಏನೂ ಆಗಿರಲಿಲ್ಲ. ರಿಂಗ್ ರೋಡಿನ ಲಾರಿ ಸಪ್ಪಳ ಸಾಕಾಗಿತ್ತು, ಅಷ್ಟೇ.

ಆಸೆ ಹುಟ್ಟಿಸಿದ್ದು ಡಲ್ಲಾಸಿನಲ್ಲಿರುವ ನಮ್ಮ ಸಂಬಂಧಿಕರು. ಟೆಕ್ಸಾಸ್ ಮತ್ತು ಲೂಸಿಯಾನಾ ಗಡಿಯ ಕ್ಯಾಡೋ ಸರೋವರಕ್ಕೆ ಹೋಗಿ ಫೋಟೋ ಕಳಿಸಿದ್ದರು. ನೀರೊಳಗೇ ಬುಡ ಊರಿ ನಿಂತ ಸೈಪ್ರೆಸ್ ಮರಗಳು, ಕೊಂಬೆಗಳಿಂದ ಜಡೆಯಂತೆ ಇಳಿಬಿದ್ದ ಬೂದು ಬಣ್ಣದ ಪಾಚಿ, 1930ರ ದಶಕದಲ್ಲಿ ಅಲ್ಲಿನ ಸರ್ಕಾರ ನಿರುದ್ಯೋಗಿ ಯುವಕರಿಗೆ ಕೆಲಸ ಕೊಟ್ಟು ಕಟ್ಟಿಸಿದ ಮರದ ಕೋಣೆಗಳು. ಅಷ್ಟು ದೊಡ್ಡ ಸರೋವರದ ಸರಾಸರಿ ಆಳ ಎಂಟು-ಹತ್ತು ಅಡಿ ಮಾತ್ರ. ನನಗೆ ಹಿಡಿಸಿದ್ದು ಫೋಟೋಕ್ಕಿಂತ ಅವರು ಹೇಳಿದ ಒಂದು ಮಾತು: 'ನಾವು ಜಾಗ ಹುಡುಕಲಿಲ್ಲ, ತಿಂಗಳು ಹುಡುಕಿದಿವಿ.' ಬೇಸಿಗೆಯಲ್ಲಿ ಅಲ್ಲಿ ಸೆಕೆ ಮತ್ತು ಸೊಳ್ಳೆ. ನವೆಂಬರ್ ಬಂದರೆ ಸೈಪ್ರೆಸ್ ಎಲೆ ತಾಮ್ರದ ಬಣ್ಣಕ್ಕೆ ತಿರುಗಿ ಉದುರತೊಡಗುತ್ತದೆ, ಗಾಳಿ ತಂಪಾಗುತ್ತದೆ. ನೋಡುವ ದಿನಗಳು ಅವೇ.

ನಮ್ಮಲ್ಲಿ ಸೈಪ್ರೆಸ್ ಇಲ್ಲದಿದ್ದರೇನು, ಕರಿಜಾಲಿ ಇದೆ. ಮಳೆಗಾಲದಲ್ಲಿ ಕೆರೆ ತುಂಬಿದಾಗ ಅಂಗಳದ ಜಾಲಿ ಮರಗಳು ಸೊಂಟದವರೆಗೆ ನೀರಲ್ಲಿ ನಿಂತೇ ಇರುತ್ತವೆ, ಸಾಯುವುದಿಲ್ಲ. ಅವುಗಳ ಮೇಲೆ ಬೆಳ್ಳಕ್ಕಿ ಕೂರುತ್ತವೆ. ಫೋಟೋ ತೆಗೆದು ಡಲ್ಲಾಸಿಗೆ ಕಳಿಸುವಷ್ಟು ಚೆಂದವೇ. ಆದರೆ ಊರ ಸುತ್ತಲಿನ ಕೆರೆಗಳ ದಂಡೆಯಲ್ಲಿ ರಾತ್ರಿ ಉಳಿಯಲು ತಕ್ಕ ವ್ಯವಸ್ಥೆ ಇಲ್ಲ. ಜಿಲ್ಲೆಯೊಳಗೇ ನೀರು, ಕಾಡು, ಕೋಣೆ ಮೂರೂ ಒಂದೆಡೆ ಬೇಕೆಂದರೆ ನನ್ನ ಮಟ್ಟಿಗೆ ಉತ್ತರ ಒಂದೇ: ಚಿಂಚೋಳಿ ತಾಲ್ಲೂಕಿನ ಚಂದ್ರಂಪಳ್ಳಿ.

ಚಿಂಚೋಳಿ ವನ್ಯಜೀವಿಧಾಮ ಘೋಷಣೆಯಾದದ್ದು 2011ರಲ್ಲಿ. ವಿಸ್ತೀರ್ಣ ಸುಮಾರು 135 ಚದರ ಕಿ.ಮೀ. ತೆಲಂಗಾಣದ ಗಡಿಗೆ ಹತ್ತಿಕೊಂಡ ಕುಂಚಾವರಂ ಕಾಡು ಇದರ ಭಾಗ. ಕಲಬುರಗಿ ಜಿಲ್ಲೆ ಅಂದರೆ ಎರಿ ಭೂಮಿ, ತೊಗರಿ, ಬಿಸಿಲು ಅಂತ ನಂಬಿದವರು ಇಲ್ಲಿಗೆ ಬಂದಾಗ ಕಣ್ಣು ಉಜ್ಜಿಕೊಳ್ಳುತ್ತಾರೆ. ನೆಲ ಕೆಂಪಾಗುತ್ತದೆ, ಗುಡ್ಡ ಏಳುತ್ತದೆ, ಶ್ರೀಗಂಧ, ರಕ್ತಚಂದನದ ಗಿಡಗಳು ಕಾಣುತ್ತವೆ. ಕತ್ತೆಕಿರುಬ, ತೋಳ, ಕೃಷ್ಣಮೃಗ ಇರುವ ಕಾಡು ಇದು, ಆದರೆ ಅವನ್ನು ನೋಡಿಯೇ ಬರುತ್ತೇನೆ ಅಂತ ಹೊರಡುವವರು ಬೇರೆ ಕಡೆ ಹೋಗುವುದು ಒಳ್ಳೆಯದು. ಇಲ್ಲಿನ ಸೊಗಸು ಗುಡ್ಡಗಳ ನಡುವೆ ಕಟ್ಟಿದ ಚಂದ್ರಂಪಳ್ಳಿ ಜಲಾಶಯದ್ದು. ಅದರ ಪಕ್ಕ ಅರಣ್ಯ ಇಲಾಖೆಯ ಕಾಟೇಜುಗಳಿವೆ.

ಅಲ್ಲಿಗೆ ಹೋಗಿ ಬಂದು ಕಲಿತದ್ದರಲ್ಲಿ ಮೊದಲನೆಯದು ಡಲ್ಲಾಸಿನವರ ಮಾತೇ. ಚಂದ್ರಂಪಳ್ಳಿ ನೀರಾವರಿಗಾಗಿ ಕಟ್ಟಿದ ಜಲಾಶಯ. ನೀರು ನಮ್ಮ ಕಣ್ಣಿಗಾಗಿ ಅಲ್ಲ, ಹೊಲಕ್ಕಾಗಿ. ಜೂನಿನಿಂದ ಮಳೆ ಶುರುವಾದರೂ ನಮ್ಮ ಜಿಲ್ಲೆಗೆ ಜೋರು ಮಳೆ ಸೆಪ್ಟೆಂಬರಿನಲ್ಲಿ. ಹಾಗಾಗಿ ಜಲಾಶಯ ತುಂಬಿ ನಿಲ್ಲುವುದು ದಸರೆ ಹೊತ್ತಿಗೆ. ಹಿಂಗಾರಿ ಬೆಳೆಗೆ ನೀರು ಬಿಟ್ಟಂತೆ ದಂಡೆ ಹಿಂದೆ ಸರಿಯುತ್ತದೆ, ಅದರ ಮೇಲೆ ಬಿಸಿಲೂ ತನ್ನ ಪಾಲು ಕುಡಿಯುತ್ತದೆ. ಮೇ ತಿಂಗಳಲ್ಲಿ, 43-44 ಡಿಗ್ರಿ ಬಿಸಿಲಲ್ಲಿ, ಮಕ್ಕಳ ರಜೆ ಅಂತ ಹೋದರೆ ಸಿಗುವುದು ಬಿರಿದ ಕೆಸರಿನ ಅಂಗಳ. ನಮ್ಮ ಶಾಲೆಗಳ ಬೇಸಿಗೆ ರಜೆಯೂ ನಮ್ಮ ಕೆರೆಗಳ ಕಾಲವೂ ಒಂದಕ್ಕೊಂದು ಬೆನ್ನು ಹಾಕಿ ಕೂತಿವೆ. ದೀಪಾವಳಿಯಿಂದ ಸಂಕ್ರಾಂತಿವರೆಗಿನ ಯಾವುದಾದರೂ ಎರಡು ದಿನ ಹುಡುಕಿಕೊಳ್ಳಿ. ದಸರೆಗೇ ಹೋಗಬೇಕೆಂದರೆ, ಮಳೆ ಹೋಗಿದೆ ಅಂತ ಖಾತ್ರಿ ಮಾಡಿಕೊಂಡು ಹೊರಡಿ. 2020ರ ಅಕ್ಟೋಬರಿನಲ್ಲಿ ಜಿಲ್ಲೆಗೆ ಜಿಲ್ಲೆಯೇ ನೀರಲ್ಲಿ ನಿಂತದ್ದು ನೆನಪಿರಬೇಕಲ್ಲ.

ದೀಪಾವಳಿ-ಸಂಕ್ರಾಂತಿ ನಡುವೆಯೂ ಒಂದು ದಿನ ಬಿಡಬೇಕು, ಎಳ್ಳ ಅಮವಾಸ್ಯೆ. ಅಂದು ಕಲಬುರಗಿಯ ಅರ್ಧ ಊರು ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಮುಗಿಸಿ ಗಿಡದ ನೆರಳಿಗೆ ಒರಗುವ ಸುಖದ ಮುಂದೆ ಯಾವ ಕಾಟೇಜು? ನಿಜ ಹೇಳಬೇಕೆಂದರೆ ಸುಮ್ಮನಿರುವುದನ್ನು ನಮಗೆ ಹೊರಗಿನವರು ಕಲಿಸಬೇಕಿಲ್ಲ. ವರ್ಷಕ್ಕೊಮ್ಮೆ ಮಾಡುವುದನ್ನು ಇನ್ನೊಮ್ಮೆ ಮಾಡಿದರೆ ಸಾಕು.

ಎರಡನೆಯ ವಿಷಯ ನಮ್ಮವರ ಹಳೆ ಚಟ. 'ಇಷ್ಟು ದೂರ ಬಂದೀವಿ, ಅದೊಂದು ನೋಡೇ ಬಿಡೋಣ.' ಎತ್ತಿಪೋತ ಜಲಪಾತ, ಗೊಟ್ಟಮಗೊಟ್ಟಿಯ ಬಕ್ಕಪ್ರಭು ದೇವಸ್ಥಾನ, ಹಂಗೇ ಮುಂದೆ ಹೋದರೆ ಬೀದರ್ ಕೋಟೆ. ಪಟ್ಟಿ ಬೆಳೆದಷ್ಟೂ ವಿಶ್ರಾಂತಿ ಕಾರಿನ ಸೀಟಿನಲ್ಲೇ ಮುಗಿಯುತ್ತದೆ. ಹತ್ತಿರದ್ದು ಒಂದನ್ನು ನೋಡಿ, ಮಿಕ್ಕಿದ್ದು ಬಿಡಿ. ಕಲಬುರಗಿಯಿಂದ ಚಿಂಚೋಳಿಗೆ ಸುಮಾರು 90 ಕಿ.ಮೀ., ಮತ್ತೆ ಬಂದರಾಯಿತು.

ದಾರಿಯಲ್ಲಿ ನಾನು ಒಪ್ಪುವ ಬಳಸುದಾರಿ ಒಂದೇ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಹೋಗಿ ಕೆಂಪು ಬಾಳೆಹಣ್ಣು ಕೊಳ್ಳುವುದು. ಭೌಗೋಳಿಕ ಸೂಚಕ ಮಾನ್ಯತೆ ಇರುವ ಈ ತಳಿ ಬೆಳೆಯಲು ಒಂದೂವರೆ ವರ್ಷದ ಹತ್ತಿರ ತೆಗೆದುಕೊಳ್ಳುತ್ತದೆ, ನೀರು ಗೊಬ್ಬರವೂ ಹೆಚ್ಚು ಬೇಡುತ್ತದೆ. ಅದಕ್ಕೇ ಸಾಹುಕಾರರ ಹಣ್ಣು ಅನ್ನಿಸಿಕೊಂಡಿದೆ. ಬೆಲೆ ಕೇಳಿ ಮುಖ ಸಿಂಡರಿಸಬೇಡಿ. ಕಾಡಿನ ಮೂಲೆಯಲ್ಲಿ ಸಂಜೆ ಹಸಿವಾದಾಗ ಅಂಗಡಿ ಇರುವುದಿಲ್ಲ, ಆ ಹಣ್ಣು ಇರುತ್ತದೆ. ಜೊತೆಗೆ ಕಡಕ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ನಾಲ್ಕು ದಿನವಾದರೂ ಕೆಡದ ಬುತ್ತಿ ಕಟ್ಟುವುದರಲ್ಲಿ ನಮ್ಮ ಹೆಣ್ಣುಮಕ್ಕಳನ್ನು ಮೀರಿಸಿದವರಿಲ್ಲ. ಹಾಗಂತ ಊಟದ ಕೆಲಸವೆಲ್ಲ ಅವರ ತಲೆಗೇ ಕಟ್ಟಿದರೆ ರಜೆ ಗಂಡಸರದ್ದು ಮಾತ್ರ ಆಗುತ್ತದೆ. ಅಲ್ಲಿ ಊಟ ಸಿಗುತ್ತದೋ ಇಲ್ಲವೋ ಅಂತ ಕೋಣೆ ಕಾಯ್ದಿರಿಸುವಾಗಲೇ ಕೇಳಿ, ಸಿಕ್ಕರೆ ಅದನ್ನೇ ಉಣ್ಣಿ.

ಹೊತ್ತಿನ ಲೆಕ್ಕವೂ ಇದೆ. ಡಿಸೆಂಬರಿನಲ್ಲೂ ಮಧ್ಯಾಹ್ನ 30 ಡಿಗ್ರಿ ಆಸುಪಾಸು ಇರುತ್ತದೆ, ಬೆಳಗಿನ ಜಾವ ಥಂಡಿ ಕಡಿಯುತ್ತದೆ. ಶಾಲು, ಕಿವಿಗೆ ಮಫ್ಲರು ಇಲ್ಲದೆ ಹೋದರೆ ನಸುಕಿನ ನೀರು ನೋಡುವುದು ತಪ್ಪುತ್ತದೆ, ಆಗ ಹೋದದ್ದೇ ದಂಡ. ಗಾಳಿ ಏಳುವ ಮೊದಲು ನೀರು ಅಲುಗುವುದಿಲ್ಲ, ಹಕ್ಕಿಗಳೂ ದಂಡೆಗೆ ಹತ್ತಿರ ಇರುತ್ತವೆ. ಹತ್ತು ಗಂಟೆಯಾದ ಮೇಲೆ ಮಲಗಿ, ಪುಸ್ತಕ ಓದಿ, ಜಗಳವಾಡಿ. ಹೊರಗೆ ತಿರುಗುವ ಹೊತ್ತಲ್ಲ ಅದು. ಬಿಪಿ, ಸಕ್ಕರೆ ಗುಳಿಗೆಗಳನ್ನು ಮನೆಯಿಂದಲೇ ಎಣಿಸಿ ತರಬೇಕು. ಕಾಡೊಳಗೆ ಹೋದಂತೆ ಫೋನಿನ ಸಿಗ್ನಲ್ ಸಣ್ಣದಾಗುತ್ತದೆ, ಎಲ್ಲಿರುತ್ತೀರಿ ಅಂತ ಮನೆಯಲ್ಲಿ ಮೊದಲೇ ಹೇಳಿಟ್ಟಿರಿ.

ಇಲ್ಲಿ ನಿಲ್ಲಿಸಿ ಒಂದು ಗಂಭೀರ ಮಾತು. ತೋರಿಕೆಗೆ ಆಳವಿಲ್ಲದ ನೀರನ್ನು ನಂಬಲೇಬಾರದು. ಸಣ್ಣ ಕೆರೆಗಳಲ್ಲಿ ಇದು ಇನ್ನೂ ದೊಡ್ಡ ಅಪಾಯ. ಬೇಸಿಗೆಯಲ್ಲಿ ಅಂಗಳ ಒಣಗಿದಾಗ ಹೊಲಕ್ಕೆ ಹೂಳು, ಇಟ್ಟಂಗಿ ಭಟ್ಟಿಗೆ ಮಣ್ಣು ಅಂತ ಜೆಸಿಬಿ ತಂದು ಅಗೆಯುತ್ತಾರೆ. ಮಳೆಗಾಲದಲ್ಲಿ ಆ ತಗ್ಗುಗಳೆಲ್ಲ ನೀರಿನಡಿ ಮುಚ್ಚಿಹೋಗುತ್ತವೆ. ಮೊಣಕಾಲು ಮಟ್ಟದಲ್ಲಿ ನಡೆಯುತ್ತಿರುವ ಹುಡುಗನ ಮುಂದಿನ ಹೆಜ್ಜೆ ಎರಡಾಳು ಆಳಕ್ಕೆ ಬೀಳಬಹುದು. ಈಜು ಬಂದರೂ ಕೆಳಗಿನ ಕೆಸರು ಕಾಲು ಬಿಡುವುದಿಲ್ಲ. ಪತ್ರಿಕೆಯಲ್ಲಿ ಪ್ರತಿ ವರ್ಷ ಓದುವ ಸುದ್ದಿ ಇದೇ. ಜಲಾಶಯದಲ್ಲಂತೂ ಇಳಿಯುವ ಮಾತೇ ಬೇಡ. ಮಕ್ಕಳಿಗೆ ಮನೆಯಿಂದ ಹೊರಡುವಾಗಲೇ ಹೇಳಿ: ನೀರು ನೋಡಲಿಕ್ಕೆ ಹೊಂಟೀವಿ, ಇಳೀಲಿಕ್ಕಲ್ಲ.

ಉಳಿದದ್ದು ನಮ್ಮ ನಡತೆ. ವನ್ಯಜೀವಿಧಾಮದೊಳಗೆ ಕಸ ಎಸೆಯುವುದು, ಪ್ರಾಣಿಗಳನ್ನು ಕೆಣಕುವುದು, ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಒಣ ಎಲೆಯ ಕಾಡಿನಲ್ಲಿ ಚಿಕನ್ ಸುಡಲು ಹಚ್ಚಿದ ಒಲೆಯ ಒಂದು ಕಿಡಿ ಸಾಕು, ಗುಡ್ಡವೇ ಹತ್ತಿಕೊಳ್ಳುತ್ತದೆ. ಸ್ಪೀಕರಿನ ಹಾವಳಿಗೆ ಏನು ಹೇಳಲಿ! ನೀರಿನ ಮೇಲೆ ಸಪ್ಪಳ ದೂರ ಹೋಗುತ್ತದೆ, ಎದುರು ದಂಡೆಯ ತಾಂಡಾದವರು ಇಡೀ ರಾತ್ರಿ ನಿಮ್ಮ ಹಾಡು ಕೇಳಬೇಕಾಗುತ್ತದೆ. ಅವರಿಗೆ ಅದು ಊರು, ಪಿಕ್ನಿಕ್ ಜಾಗ ಅಲ್ಲ.

ಶನಿವಾರ, ಭಾನುವಾರ ಬಿಟ್ಟು ವಾರದ ನಡುವೆ ಹೋಗಿ. ಕೋಣೆಗಳು ಕೆಲವೇ ಇವೆ, ಕಾಯ್ದಿರಿಸದೆ ಹೊರಡಬೇಡಿ. ಶಿವರಾತ್ರಿ ಬಂತೆಂದರೆ ಬಿಸಿಲು ಏರುತ್ತದೆ, ಅಷ್ಟರೊಳಗೆ ಹೋಗಿಬನ್ನಿ.